ಕೀ ಕೊಟ್ಟವರು ಯಾರು?

ಪ್ರಿಯರೇ,

ನಿಮ್ಮ ‘ಅಪ್ಪನ ವಾಚು’ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟಿದ್ದೇನೆ, ಇಲ್ಲದಿದ್ದರೆ ಕೊನೆ ಸಾಲಿಗೆ ಹಾರಿ ನೋಡುತ್ತೀರಿ.

ತೀರಿಹೋದ ಅಪ್ಪನ ಎಚ್‌ಎಂಟಿ ಜನತಾ ವಾಚು ಒಂಬತ್ತು ವರ್ಷದಿಂದ ಬೀರುವಿನಲ್ಲಿದೆ. ಇಂಟರ್‌ವ್ಯೂ ದಿನ ಶಿವು ಅದನ್ನು ಕಟ್ಟಿಕೊಂಡು ತುಮಕೂರಿನಿಂದ ಬಸ್ ಹತ್ತುತ್ತಾನೆ. ಮೆಜೆಸ್ಟಿಕ್‌ನಲ್ಲಿ ಇಳಿದು ನೋಡಿದರೆ ಕೈ ಖಾಲಿ. ಅಲ್ಲಿಂದ ನಾಲ್ಕು ಪುಟ ಅಳು. ಕೊನೆಗೆ ಕಂಡಕ್ಟರ್ ಮನೆ ಹುಡುಕಿಕೊಂಡು ಬಂದು ವಾಚು ಕೊಡುತ್ತಾರೆ. ಇಷ್ಟು ಕಥೆ.

ಆ ನಾಲ್ಕು ಪುಟದಲ್ಲಿ ಶಿವುವಿನ ಎದುರು ನಿಲ್ಲುವವರು ಯಾರೂ ಇಲ್ಲ. ಅಮ್ಮ ಸಮಾಧಾನ ಹೇಳುತ್ತಾರೆ, ಗೆಳೆಯ ಟೀ ಕುಡಿಸುತ್ತಾನೆ, ಪೊಲೀಸರೂ ಮೆತ್ತಗೆ ಮಾತಾಡುತ್ತಾರೆ (ನನಗಂತೂ ಆ ಅನುಭವ ಇಲ್ಲ). ಇಷ್ಟದ ವಸ್ತು ಕಳೆದರೆ ದುಃಖವಾಗುತ್ತದೆ, ಸರಿ. ಅದು ಇನ್ನೊಬ್ಬರ ತಲೆಗೆ ಬಂದಾಗ ತಾನೇ ಸಂಘರ್ಷ?

ಗಣೇಶನ ಹಬ್ಬದಲ್ಲಿ ಮನೆಮನೆಯಲ್ಲಿ ಹೇಳುವ ಶ್ಯಮಂತಕ ಮಣಿಯ ಕಥೆಯನ್ನೇ ನೋಡಿ. ಮಣಿ ಕಳೆದದ್ದಕ್ಕೆ ಸತ್ರಾಜಿತ ಎಷ್ಟು ಅತ್ತ ಎಂದು ಯಾರೂ ಹೇಳುವುದಿಲ್ಲ. ಕಳ್ಳತನದ ಅಪವಾದ ಕೃಷ್ಣನ ಮೇಲೆ ಬಂತು, ಕಥೆ ಅಲ್ಲಿ ಕಾವೇರುತ್ತದೆ. ಅನುಮಾನ ಬಂದದ್ದಾದರೂ ಯಾಕೆ? ಹಿಂದೊಮ್ಮೆ ಅವನು ಆ ಮಣಿಯನ್ನು ಕೇಳಿದ್ದ, ಸತ್ರಾಜಿತ ಕೊಡಲಿಲ್ಲ. ದಿನಕ್ಕೆ ಎಂಟು ಭಾರ ಚಿನ್ನ ಕೊಡುವ ಮಣಿ ಅದು ಎನ್ನುವುದೂ ನಮಗೆ ಆಗಲೇ ಗೊತ್ತಿರುತ್ತದೆ. ಕಳೆಯುವ ಮೊದಲೇ ಎಲ್ಲ ತಯಾರಾಗಿದೆ. ನಿಮ್ಮ ವಾಚು ಮಾತ್ರ ಎರಡನೇ ಪ್ಯಾರಾದಲ್ಲಿ ಬಂದು ಮೂರನೆಯದರಲ್ಲಿ ಮಾಯ. ಅದನ್ನು ನಾನು ಸರಿಯಾಗಿ ನೋಡಿಯೂ ಇರಲಿಲ್ಲ, ಹೋಯಿತಲ್ಲ ಎಂದು ಹೇಗೆ ಅಳಲಿ?

ಆ ಅಪ್ಪ ಏನು ಕೆಲಸ ಮಾಡುತ್ತಿದ್ದರೆಂದೂ ನೀವು ಬರೆದಿಲ್ಲ. ತುಮಕೂರಿನಲ್ಲೇ ಎಚ್‌ಎಂಟಿಯ ವಾಚು ಕಾರ್ಖಾನೆ ಇತ್ತು. 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಶುರುವಾದ ಆ ವಾಚುಗಳ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು 2016ರಲ್ಲಿ. ಅಪ್ಪ ಆ ಕಾರ್ಖಾನೆಯವರೇ ಆಗಿರಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಆ ಊರಿನ ಮನೆಯಲ್ಲಿ ಈ ವಾಚು ಬರೀ ವಾಚಲ್ಲ, ಇದು ನಿಮ್ಮ ಗಮನಕ್ಕೇ ಬಂದಂತಿಲ್ಲ.

ಈಗ ಒಂದು ತಪ್ಪಿನ ವಿಷಯ. ನನಗೆ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದೂ ಅದೇ. ಒಂಬತ್ತು ವರ್ಷದ ಮೇಲೆ ಶಿವು ಬೀರು ತೆಗೆದಾಗ ‘ವಾಚು ಟಿಕ್ ಟಿಕ್ ಎನ್ನುತ್ತಲೇ ಇತ್ತು’ ಎಂದು ಬರೆದಿದ್ದೀರಿ. ಜನತಾ ಕೀ ಕೊಡುವ ವಾಚು. ಅದಕ್ಕೆ ಸೆಲ್ ಇಲ್ಲ. ಕೀ ಕೊಡದಿದ್ದರೆ ಎರಡು ದಿನ ನಡೆಯುವುದೂ ಕಷ್ಟ. ನಮ್ಮ ಮನೆಯಲ್ಲೂ ಒಂದಿತ್ತು. ಅಪ್ಪ ಬೆಳಗಿನ ಕಾಫಿ ಲೋಟ ಕೆಳಗಿಟ್ಟವರೇ ಅದನ್ನು ಕಿವಿಗೆ ಹಿಡಿದು ಕೀ ಕೊಡುತ್ತಿದ್ದರು. ನನ್ನ ಕೈಗೆ ಕೊಟ್ಟರೆ ಮಾತ್ರ “ಬಿಗಿಯಾಯ್ತಾ? ಸಾಕು, ಸ್ಪ್ರಿಂಗ್ ಮುರೀತದೆ” ಎಂದು ಪಕ್ಕದಲ್ಲೇ ನಿಂತಿರುತ್ತಿದ್ದರು.

ಹಾಗಾದರೆ ನಿಮ್ಮ ಕಥೆಯಲ್ಲಿ ಒಂಬತ್ತು ವರ್ಷ ಕೀ ಕೊಟ್ಟವರು ಯಾರು? ಶಿವು ಅಲ್ಲ, ಅವನು ಬೀರು ತೆಗೆದದ್ದೇ ಅವತ್ತು. ಮನೆಯಲ್ಲಿ ಉಳಿದವರು ಅಮ್ಮ ಒಬ್ಬರೇ. ಮಗ ಎದ್ದೇಳುವ ಮೊದಲು ಬೀರುವಿನ ಬಾಗಿಲು ಸದ್ದಾಗದಂತೆ ತೆಗೆದು, ಕೀ ಕೊಟ್ಟು, ಮತ್ತೆ ಸೀರೆಗಳ ಕೆಳಗೆ ಸೇರಿಸುವ ಹೆಂಗಸು ಅವರು. ಆ ವಾಚನ್ನು ಮಗ ಒಂದು ಮಾತೂ ಕೇಳದೆ ಕಟ್ಟಿಕೊಂಡು ಹೋದ, ಕಳೆದುಕೊಂಡು ಬಂದ. ಬಂದವನು “ನನ್ನಪ್ಪನ ವಾಚು ಹೋಯ್ತು” ಎಂದು ಅವರ ಮಡಿಲಲ್ಲೇ ಅಳುತ್ತಾನೆ. ಅಮ್ಮ ಏನು ಮಾಡುತ್ತಾರೆ? ನಿಮ್ಮ ಪ್ರತಿಯಲ್ಲಿ ತಲೆ ಸವರುತ್ತಾರೆ. ನನಗೆ ಅನುಮಾನ. ಮಾರನೆಯ ಬೆಳಿಗ್ಗೆ ಅವರಿಗೆ ಅದೇ ಹೊತ್ತಿಗೆ ಎಚ್ಚರವಾಗುತ್ತದಲ್ಲ, ಆಗ ಆ ಕೈಗೆ ಕೆಲಸವೇನು? ಅದನ್ನು ಬರೆಯಿರಿ. ನಾಲ್ಕು ಪುಟದ ಕಣ್ಣೀರು ತಾನಾಗಿ ಉದುರಿಹೋಗುತ್ತದೆ.

ಕಂಡಕ್ಟರ್ ಬರಲಿ ಬಿಡಲಿ, ನಿಮ್ಮಿಷ್ಟ. ವಾಚು ಸಿಕ್ಕಿತು ಅಂದಮಾತ್ರಕ್ಕೆ ಎಲ್ಲ ಸರಿಹೋಗಬೇಕಿಲ್ಲ. ಕಾಳಿದಾಸನ ಶಾಕುಂತಲದಲ್ಲಿ ಮೀನಿನ ಹೊಟ್ಟೆಯಿಂದ ಉಂಗುರ ಸಿಕ್ಕ ಮೇಲೆಯೇ ದುಷ್ಯಂತನ ಸಂಕಟ ಶುರುವಾಗುವುದು. ಎರಡು ದಿನ ಕಳೆದು ಬಂದ ವಾಚು ನಿಂತೇ ಇರುತ್ತದೆ, ಅದಕ್ಕೆ ಯಾರಾದರೂ ಕೀ ಕೊಡಬೇಕು. ಶಿವು ಕೈ ಹಾಕಿದರೆ ಅಮ್ಮ ನೋಡುತ್ತಾ ನಿಂತಿರುತ್ತಾರೆಯೇ?

ತಿದ್ದಿ ಕಳಿಸಿದರೆ ಖಂಡಿತ ಓದುತ್ತೇನೆ. ಈ ಸಲ ಯೂನಿಕೋಡ್‌ನಲ್ಲಿ ಕಳಿಸಿ. ‘ನುಡಿ’ ತಂತ್ರಾಂಶದಿಂದ ಬದಲಿಸಿದ ಫೈಲಿನಲ್ಲಿ ಒತ್ತಕ್ಷರವೆಲ್ಲ ಹಾರಿಹೋಗಿ, ‘ಅಪ್ಪ’ ಉದ್ದಕ್ಕೂ ‘ಅಪ’ ಆಗಿದ್ದಾರೆ.

ಇಂತು,
ಸಂಪಾದಕ