ಎಂಬಿಬಿಎಸ್ ಆದಮೇಲೆ ಪಿಜಿ ಓದಲು ಸರ್ಜರಿ ಬೇಡ, ಓಬಿಜಿ (ಹೆರಿಗೆ ಮತ್ತು ಸ್ತ್ರೀರೋಗ) ತಗೋ ಅಂತಾರೆ ಮನೆಯಲ್ಲಿ. ಹುಡುಗಿಯರಿಗೆ ಯಾವುದು ಸುಲಭ?

ನಮ್ಮ ಮನೆಯಲ್ಲೂ ಇದೇ ಜಗಳ ಆಗಿತ್ತು. ಹಟ ಮಾಡಿ ಎಂಎಸ್ ಜನರಲ್ ಸರ್ಜರಿ ಸೇರಿದೆ. ಬ್ಯಾಚಿನಲ್ಲಿ ನಾನೊಬ್ಬಳೇ ಹುಡುಗಿ.

ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ. ಎಡವಟ್ಟಾಗಿದ್ದೇ ಅಲ್ಲಿ. ಸರ್ಜರಿಗೆ ಇದ್ದದ್ದು ಒಂದೇ ಡ್ಯೂಟಿ ರೂಮ್, ಅದು ಹುಡುಗರದ್ದು. ನಾನು ಮಲಗಲು ಹೆರಿಗೆ ವಾರ್ಡಿನ ಕಟ್ಟಡಕ್ಕೆ ಹೋಗಬೇಕಿತ್ತು. "ನೀನು ಹೋಗಮ್ಮ, ಕೇಸ್ ಬಂದರೆ ಕರೀತೀವಿ" ಅನ್ನೋರು. ನಾನು ಸುಮ್ನೆ ಹೋಗುತ್ತಿದ್ದೆ. ಕರೆ ಬಂದು ಓಟಿ (ಆಪರೇಷನ್ ಥಿಯೇಟರ್) ಮುಟ್ಟುವಷ್ಟರಲ್ಲಿ ಹೊಟ್ಟೆ ತೆರೆದಾಗಿರುತ್ತಿತ್ತು. ನನ್ನ ಪಾಲಿಗೆ ಕೊಯ್ದ ಜಾಗ ಅಗಲಿಸಿ ಹಿಡಿಯುವ ರಿಟ್ರಾಕ್ಟರ್.

ಹಾಗೆ ಸುಮ್ನೆ ಹೋಗಿದ್ದೇ ನನ್ನ ತಪ್ಪು. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಗಲಿನ ಲಿಸ್ಟಿನಲ್ಲಿ ಥೈರಾಯ್ಡ್, ಗಾಲ್‌ಬ್ಲಾಡರ್ ಇರುತ್ತವೆ. ಅವನ್ನು ದೊಡ್ಡವರೇ ಮಾಡುತ್ತಾರೆ. ಪಿಜಿ ಕೈಗೆ ಬ್ಲೇಡ್ ಬರುವುದು ರಾತ್ರಿ: ಅಪೆಂಡಿಕ್ಸ್, ಅಲ್ಸರ್ ತೂತಾದ ಹೊಟ್ಟೆ, ಸಿಕ್ಕಿಹಾಕಿಕೊಂಡ ಹರ್ನಿಯಾ. ಮೊದಲು ಕೈ ತೊಳೆದು ಸ್ಕ್ರಬ್ ಆದವನಿಗೇ ಕೇಸ್. ಬೆಳಗ್ಗೆ ಡಿಸ್ಚಾರ್ಜ್ ಸಮರಿ ಬರೆಯಲು ಮಾತ್ರ ನಾನು. ಕೈಬರಹ ಚೆನ್ನಾಗಿದೆ ಅಂತ ಹೊಗಳಿಕೆ ಬೇರೆ! ಕೇಸ್‌ಗಳನ್ನು ಬರೆದಿಡುವ ಲಾಗ್‌ಬುಕ್ ತುಂಬಾ "ಅಸಿಸ್ಟೆಡ್", ಅಂದರೆ ಬರೀ ಕೈಜೋಡಿಸಿದ್ದು. ಫೈನಲ್ ಇಯರ್‌ನಲ್ಲಿ ನನ್ನ ಕೋ-ಪಿಜಿ ಜೂನಿಯರ್‌ಗಳಿಗೆ ಅಪೆಂಡಿಕ್ಸ್ ಕಲಿಸುತ್ತಿದ್ದ. ನನಗೆ ಸೀಕಮ್ (ಅಪೆಂಡಿಕ್ಸ್ ಅಂಟಿಕೊಂಡಿರುವ ದೊಡ್ಡ ಕರುಳಿನ ಭಾಗ) ಹುಡುಕುವಾಗ ಕೈ ನಡುಗುತ್ತಿತ್ತು. ಡಿಗ್ರಿ ಬಂತು, ಕೈ ಪಳಗಿರಲಿಲ್ಲ. ಎಂಸಿಎಚ್ (ಎಂಎಸ್ ನಂತರದ ಸೂಪರ್ ಸ್ಪೆಷಾಲಿಟಿ ಡಿಗ್ರಿ) ಆಸೆ ಪಕ್ಕಕ್ಕಿಟ್ಟು, ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಸೀನಿಯರ್ ರೆಸಿಡೆಂಟ್ ಆಗಿ ಮೊದಲಿಂದ ಕಲಿತೆ.

ಇನ್ನೊಂದು ರೂಮ್ ಕೊಡಿ ಅಂತ ಒಂದು ಅರ್ಜಿ ಬರೆಯಬಹುದಿತ್ತು. ನನ್ನ ನಂತರ ಬಂದ ಹುಡುಗಿಯರು ಬರೆದರು. ಓಟಿ ಪಕ್ಕದ ಸ್ಟೋರ್ ರೂಮ್ ಖಾಲಿ ಮಾಡಿಸಿಕೊಟ್ಟರು. ಅಷ್ಟೇ ಕೆಲಸ.

ಇನ್ನು ನಿಮ್ಮ ಪ್ರಶ್ನೆ. ಓಬಿಜಿ ಸುಲಭ ಅಂದವರು ಲೇಬರ್ ವಾರ್ಡ್ ನೋಡಿಲ್ಲ. ನಡುರಾತ್ರಿ ಸಿಸೇರಿಯನ್ ಮಾಡುವವರು ಯಾರು ಮತ್ತೆ? ಹೆಣ್ಣುಮಕ್ಕಳ ಕೈಲಾಗುತ್ತಾ ಅನ್ನುವುದಕ್ಕೆ ಟಿ. ಎಸ್. ಕನಕಾ 1968ರಲ್ಲೇ ಮದ್ರಾಸಿನಲ್ಲಿ ನ್ಯೂರೋಸರ್ಜರಿ ಎಂಸಿಎಚ್ ಮುಗಿಸಿ ಉತ್ತರ ಕೊಟ್ಟಿದ್ದಾರೆ. ಕುಳ್ಳಗಿದ್ದರೆ ಕಾಲಡಿಗೆ ಸ್ಟೂಲ್ ಇದೆ. ಲ್ಯಾಪರೋಸ್ಕೋಪಿಯ ಸ್ಟೇಪ್ಲರ್ ಒತ್ತಲು 6 ಸೈಜ್ ಗ್ಲೌಸ್ ಹಾಕುವ ಚಿಕ್ಕ ಕೈಯವರಿಗೆ ಎರಡು ಕೈ ಬೇಕಾಗಬಹುದು. ಅದು ದೊಡ್ಡ ಕೈಗೆ ಅಂತ ಮಾಡಿದ ಉಪಕರಣದ ದೋಷ, ನಿಮ್ಮದಲ್ಲ.

ಬ್ರಾಂಚ್‌ಗಿಂತ ಕಾಲೇಜು ನೋಡಿ. ಸೀಟ್ ಕೌನ್ಸೆಲಿಂಗ್‌ನಲ್ಲಿ ಚಾಯ್ಸ್ ಹಾಕುವ ಮೊದಲು ಅಲ್ಲಿಯ ಸೆಕೆಂಡ್ ಇಯರ್ ಹುಡುಗಿಗೆ ಫೋನ್ ಮಾಡಿ, ರಾತ್ರಿ ಎಲ್ಲಿ ಮಲಗುತ್ತೀಯಾ, ಏನೇನು ಕೇಸ್ ನೀನೇ ಮಾಡಿದ್ದೀಯಾ ಅಂತ ಕೇಳಿ. "ಇಲ್ಲಿ ನಮ್ಮನ್ನು ತುಂಬಾ ಚೆನ್ನಾಗಿ ನೋಡಿಕೊಳ್ಳುತ್ತಾರೆ" ಅಂತಷ್ಟೇ ಅಂದರೆ ಆ ಕಾಲೇಜನ್ನು ಲಿಸ್ಟಿನಲ್ಲಿ ಕೆಳಗೆ ಹಾಕಿ.