ಹೊಸ ಎಂಜಿನ್, ಸಡಿಲಗೊಳ್ಳುವ ಪ್ರೊಪೆಲ್ಲರ್

ಪ್ರಶ್ನೆ: ಮಾದರಿ ವಿಮಾನಕ್ಕೆಂದು 0.46 ಘನ ಅಂಗುಲದ, ಅಂದರೆ ಸುಮಾರು 7.5 ಸಿಸಿಯ, ಹೊಸ ಎರಡು ಸ್ಟ್ರೋಕ್ ಗ್ಲೋ ಎಂಜಿನ್ (ಕಿಡಿಯ ಬದಲು ಕಾದ ತಂತಿಯ ಪ್ಲಗ್‌ನಿಂದ ಇಂಧನ ಹೊತ್ತಿಸುವಂಥದ್ದು) ತಂದಿದ್ದೇನೆ. ಅದು ಪಿಸ್ಟನ್ ರಿಂಗ್ ಇಲ್ಲದ ಎಬಿಸಿ (ಅಲ್ಯೂಮಿನಿಯಂ, ಬ್ರಾಸ್ ಅಂದರೆ ಹಿತ್ತಾಳೆ, ಕ್ರೋಮ್) ಮಾದರಿಯದು. ಕೈಯಿಂದ ತಿರುಗಿಸಿದರೆ ಪಿಸ್ಟನ್ ಮೇಲ್ತುದಿಯಲ್ಲಿ ಕಚ್ಚಿಕೊಳ್ಳುತ್ತದೆ. ಎರಡು ಟ್ಯಾಂಕ್ ಇಂಧನ ಮುಗಿಯುವಷ್ಟರಲ್ಲಿ 11×6 ಅಳತೆಯ (ವ್ಯಾಸ 11 ಅಂಗುಲ, ಪಿಚ್ ಅಂದರೆ ಒಂದು ಸುತ್ತಿಗೆ ಮುಂದೆ ಸಾಗಬೇಕಾದ ದೂರ 6 ಅಂಗುಲ) ಮರದ ಪ್ರೊಪೆಲ್ಲರಿನ ನಟ್ ಎರಡು ಬಾರಿ ಸಡಿಲವಾಯಿತು. ಎಂಜಿನ್ ದೋಷಯುಕ್ತವೇ?

ಉತ್ತರ: ಮೇಲ್ತುದಿಯ ಬಿಗಿತ ದೋಷವಲ್ಲ. ಎಬಿಸಿ ಎಂಜಿನ್ನಿನಲ್ಲಿ ಅಲ್ಯೂಮಿನಿಯಂ ಪಿಸ್ಟನ್ ಓಡಾಡುವುದು ಒಳಮೈಗೆ ಕ್ರೋಮ್ ಲೇಪಿಸಿದ ಹಿತ್ತಾಳೆಯ ಸ್ಲೀವಿನೊಳಗೆ, ಅಂದರೆ ಸಿಲಿಂಡರಿನ ಒಳಕೊಳವೆಯೊಳಗೆ. ಆ ಸ್ಲೀವನ್ನು ಮೇಲಕ್ಕೆ ಹೋದಂತೆ ಕೊಂಚ ಕಿರಿದಾಗುವಂತೆ ಮಾಡಿರುತ್ತಾರೆ. ಎಂಜಿನ್ ಕಾದಾಗ ಹೆಚ್ಚು ಬಿಸಿಯಾಗುವ ಮೇಲ್ಭಾಗ ಹೆಚ್ಚು ಹಿಗ್ಗಿ, ಪಿಸ್ಟನ್‌ಗೆ ತಕ್ಕ ಜಾಗ ಸಿಗುತ್ತದೆ. ಆದ್ದರಿಂದ ತಣ್ಣಗಿರುವ ಎಂಜಿನ್ನನ್ನು ಸುಮ್ಮನೆ ತಿರುಗಿಸಿ ನೋಡುತ್ತಿರಬೇಡಿ. ಚಾಲೂ ಮಾಡುವ ಮುನ್ನ ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿಕೊಳ್ಳಿ.

ಹೊಸ ಎಂಜಿನ್ನನ್ನು ಮೊದಮೊದಲು ಓಡಿಸಿ ಪಳಗಿಸುವ ಕ್ರಮವೂ ಇದಕ್ಕೆ ಹೊಂದಿಕೊಂಡೇ ಇದೆ. ಹಳೆಯ ಕಬ್ಬಿಣದ ಪಿಸ್ಟನ್ನಿನ ಎಂಜಿನ್‌ಗಳನ್ನು ಇಂಧನ ಧಾರಾಳವಾಗಿರುವ ರಿಚ್ ಮಿಶ್ರಣದಲ್ಲಿ ಬಹಳ ಹೊತ್ತು ಗೊರಗುಟ್ಟಿಸುವ ರೂಢಿಯಿತ್ತು. ಎಬಿಸಿಗೆ ಅದು ಹೊಂದದು. ಸ್ಲೀವ್ ಕಾಯದಿದ್ದರೆ ಪಿಸ್ಟನ್ ಪ್ರತಿ ಸುತ್ತಿನಲ್ಲೂ ಕಚ್ಚಿಕೊಂಡೇ ಸವೆಯುತ್ತದೆ ಮತ್ತು ಕನೆಕ್ಟಿಂಗ್ ರಾಡ್ ಮೇಲೆ ಭಾರ ಬೀಳುತ್ತದೆ. ಇಂಧನದ ಪ್ರಮಾಣ ಹೊಂದಿಸುವ ನೀಡಲ್ ವಾಲ್ವನ್ನು, ಎರಡು ಸ್ಟ್ರೋಕಿನ ಸ್ಪಷ್ಟ ದನಿ ಆಗಾಗ ಮಾತ್ರ ನಾಲ್ಕು ಸ್ಟ್ರೋಕಿನತ್ತ (ಇಂಧನ ಹೆಚ್ಚಾದಾಗ ಒಂದು ಸುತ್ತು ಬಿಟ್ಟು ಒಂದರಲ್ಲಿ ದಹನವಾಗುವ ಗೊರಗು ದನಿಯತ್ತ) ಒಡೆಯುವ ಹಂತಕ್ಕೆ ತಂದು, ಎರಡು ಮೂರು ನಿಮಿಷ ಓಡಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು ಮತ್ತೆ ಓಡಿಸಿ. ಈ ಕಾಯುವ, ತಣಿಯುವ ಸುತ್ತುಗಳೇ ಪಳಗಿಸುವಿಕೆ. 11×6ರ ಬದಲು 10×6 ಕಟ್ಟಿದರೆ ಎಂಜಿನ್ನಿನ ಹೊರೆಯೂ ಕಡಿಮೆಯಾಗುತ್ತದೆ.

ಇನ್ನು ನಟ್ಟಿನ ವಿಷಯ. ಮಿಶ್ರಣ ಲೀನ್ ಆಗಿ, ಅಂದರೆ ಇಂಧನ ಕಡಿಮೆಯಾಗಿ, ಸಮಯಕ್ಕೆ ಮೊದಲೇ ದಹನವಾದರೆ ಕ್ರ್ಯಾಂಕ್‌ಶಾಫ್ಟ್ ಗಕ್ಕನೆ ತಡೆಯಲ್ಪಡುತ್ತದೆ, ಆದರೆ ಪ್ರೊಪೆಲ್ಲರ್ ತನ್ನ ವೇಗದಲ್ಲಿ ಮುಂದೆ ತಿರುಗಲು ನೋಡುತ್ತದೆ. ಅದು ತಿರುಗುವ ದಿಕ್ಕೂ ನಟ್ ಬಿಚ್ಚುವ ದಿಕ್ಕೂ ಒಂದೇ ಆದ್ದರಿಂದ, ಅದರೊಡನೆ ನಟ್ ಕೂಡ ಬಿಚ್ಚಿಕೊಳ್ಳುತ್ತದೆ. ಪ್ರೊಪೆಲ್ಲರ್ ಬಿಚ್ಚಿ ಅದರ ಹಿಂಬದಿಯನ್ನು ನೋಡಿ: ಡ್ರೈವ್ ವಾಷರಿನ (ಪ್ರೊಪೆಲ್ಲರಿನ ಹಿಂದೆ ಶಾಫ್ಟಿನ ಮೇಲಿರುವ ಗೀರುಳ್ಳ ಬಿಲ್ಲೆಯ) ಗೀರುಗಳು ಒಂದೊಂದೂ ಅಚ್ಚೊತ್ತಿದಂತಿದ್ದರೆ ಅದು ಜಾರಿಲ್ಲ, ಉಜ್ಜಿದ ಉಂಗುರದಂತಿದ್ದರೆ ಜಾರಿದೆ. ಎರಡನೆಯದಾದರೆ ಮೊದಲು ನೀಡಲ್ ವಾಲ್ವನ್ನು ತುಸು ತೆರೆದು ಇಂಧನ ಹೆಚ್ಚಿಸಿ. ನಟ್ ಮೇಲೆ ಮಾತ್ರ ಕೋಪ ತೀರಿಸಿಕೊಂಡರೆ ಮೂಲ ಕಾರಣ ಹಾಗೆಯೇ ಉಳಿಯುತ್ತದೆ.

ಮರದ ಪ್ರೊಪೆಲ್ಲರ್ ಒತ್ತಡಕ್ಕೆ ಕುಗ್ಗುವುದೂ ಒಂದು ಕಾರಣ. ಮೊದಲ ಓಟದ ಬಳಿಕ ಮತ್ತು ಪ್ರತಿ ಬಾರಿ ಹಾರಿಸುವ ಮುನ್ನ ಮತ್ತೊಮ್ಮೆ ಬಿಗಿ ಮಾಡಿ. ಶಾಫ್ಟಿಗೆ ರಂಧ್ರ ಸಣ್ಣದಾದರೆ ಡ್ರಿಲ್ ಬೇಡ, ರಂಧ್ರವನ್ನು ಹದವಾಗಿ ಹಿಗ್ಗಿಸುವ ರೀಮರ್ ಬಳಸಿ. ಡ್ರಿಲ್ ರಂಧ್ರವನ್ನು ಕೇಂದ್ರದಿಂದ ಓರೆಗೆ ಎಳೆಯಬಹುದು. ನಟ್ಟಿನ ಕೆಳಗೆ ಅದರದೇ ವಾಷರ್ ಇರಲಿ, ಇಕ್ಕಳದ ಬದಲು ಸರಿಯಾದ ಅಳತೆಯ ಸ್ಪ್ಯಾನರ್ ಇರಲಿ. ಮೇಲೊಂದು ಲಾಕ್ ನಟ್ ಹಾಕಿದರೆ ಇನ್ನೂ ಒಳ್ಳೆಯದು. ಹಿಂದಕ್ಕೆ ಒದೆಯುವ ಚಾಳಿ ಹೆಚ್ಚಿರುವ ನಾಲ್ಕು ಸ್ಟ್ರೋಕ್ ಎಂಜಿನ್‌ಗಳಿಗಂತೂ ಅದು ಬೇಕೇ ಬೇಕು.

ಸಡಿಲವಾಗಿದ್ದ ಆ ಪ್ರೊಪೆಲ್ಲರಿನ ನಡುಭಾಗದಲ್ಲಿ ಕೂದಲೆಳೆಯಷ್ಟು ಸೀಳು ಕಂಡರೂ ಅದನ್ನು ಮುರಿದು ಬಿಸಾಡಿ. ಎಂಜಿನ್ ಓಡುವಾಗ ನೀಡಲ್ ವಾಲ್ವನ್ನು ಪ್ರೊಪೆಲ್ಲರಿನ ಹಿಂದೆ ನಿಂತೇ ಹೊಂದಿಸಿ. ಅದು ಸುತ್ತುವ ವೃತ್ತದ ನೇರಕ್ಕೆ ಯಾರೂ ನಿಂತಿರಬಾರದು.