ರೆಸಿಪಿ ಜೋಡಿಸೋದು ಆಮೇಲೆ, ಮೊದಲು ಸರಿಯಾಗಿ ಬರೆಯಿರಿ

ರೆಸಿಪಿ ಹಂಚಿಕೊಳ್ಳುವ ಗುಂಪುಗಳಿಂದ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಯಾವ ಆಪ್ ಒಳ್ಳೆಯದು, ಎಷ್ಟು ವಿಭಾಗ ಬೇಕು, ಫೋಟೊ ಹಾಕಲೇಬೇಕಾ. ಎಷ್ಟು ಸಲ ಉತ್ತರ ಕೊಟ್ಟರೂ ಮತ್ತೆ ಅದೇ ಬರುತ್ತದೆ. ಕೇಳಲೇಬೇಕಾದ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಈ ಸಲ ಒಬ್ಬರು ಅದರ ಹತ್ತಿರ ಬಂದಿದ್ದಾರೆ. ಹಾಗಾಗಿ ಜಾಸ್ತಿ ಜಾಗ ಅವರಿಗೆ.

ಪ್ರಶ್ನೆ: ನಮ್ಮ ಗುಂಪಿನಲ್ಲಿ ನೂರಾರು ರೆಸಿಪಿ ಸೇರಿವೆ. ಹುಡುಕಿದರೆ ಬೇಕಾದ್ದು ಸಿಗುವುದಿಲ್ಲ. ಸಿಕ್ಕಿದ್ದನ್ನು ಮಾಡಿದರೆ ಒಬ್ಬೊಬ್ಬರಿಗೆ ಒಂದೊಂದು ಥರ ಬರುತ್ತದೆ. ಇವನ್ನೆಲ್ಲ ಹೇಗೆ ಜೋಡಿಸಬೇಕು?

ಉತ್ತರ: ನಿಮ್ಮ ಮೂರನೇ ವಾಕ್ಯದಲ್ಲೇ ನಿಜವಾದ ತೊಂದರೆ ಇದೆ. ಒಬ್ಬೊಬ್ಬರಿಗೆ ಒಂದೊಂದು ಥರ ಬರುತ್ತದೆ ಅಂದರೆ ನಿಮ್ಮ ಹತ್ತಿರ ಇರುವುದು ರೆಸಿಪಿಗಳಲ್ಲ, ನೆನಪಿನ ಚೀಟಿಗಳು. ಬರೆದವರಿಗೆ ಮಾತ್ರ ಅವು ಅರ್ಥವಾಗುತ್ತವೆ. ಅವನ್ನು ಎಷ್ಟು ಚೆಂದವಾಗಿ ಜೋಡಿಸಿಟ್ಟರೂ ಕೇಕ್ ಉಬ್ಬುವುದಿಲ್ಲ.

ಇಂಥ ಗುಂಪುಗಳಲ್ಲಿ ಕಾಣುವ ಬರಹ ಹೀಗಿರುತ್ತದೆ: "ಎರಡು ಕಪ್ ಹಿಟ್ಟು, ಒಂದು ಕಪ್ ಸಕ್ಕರೆ, ಬೇಕಾದಷ್ಟು ಹಾಲು, ಸ್ವಲ್ಪ ಸೋಡಾ. ಚೆನ್ನಾಗಿ ಕಲಸಿ ಬೇಯಿಸಿ. ಸೂಪರ್ ಆಗಿ ಬರುತ್ತದೆ." ಒಂದೊಂದೇ ಪದ ನೋಡೋಣ.

ಕಪ್ ಅಂದರೆ ಯಾವ ಕಪ್? ಮೆಟ್ರಿಕ್ ಕಪ್ 250 ಮಿಲಿಲೀಟರ್. ಅಮೆರಿಕದ್ದು ಸುಮಾರು 240. ಜಪಾನಿನದು 200. ಅನ್ನದ ಕುಕ್ಕರ್ ಜೊತೆ ಬರುವ ಅಳತೆಯ ಕಪ್ 180. ಚಮಚಕ್ಕೂ ಇದೇ ಕಥೆ: ದೊಡ್ಡ ಚಮಚ ಹೆಚ್ಚಿನ ಕಡೆ 15 ಮಿಲಿಲೀಟರ್, ಆಸ್ಟ್ರೇಲಿಯಾದಲ್ಲಿ 20. ಹೋಗಲಿ, ಕಪ್ ಒಂದೇ ಅಂತ ಇಟ್ಟುಕೊಳ್ಳಿ. ಹಿಟ್ಟನ್ನು ಚಮಚದಿಂದ ಹಗುರವಾಗಿ ತುಂಬಿ ಮೇಲೆ ಸವರಿದರೆ ಒಂದು ಕಪ್ ಮೈದಾ ಸುಮಾರು 120 ಗ್ರಾಂ ತೂಗುತ್ತದೆ. ಕಪ್ಪನ್ನೇ ಡಬ್ಬಿಗೆ ಅದ್ದಿ ಒತ್ತಿ ತೆಗೆದರೆ 150 ಗ್ರಾಂ ದಾಟುತ್ತದೆ. ಎರಡು ಕಪ್ಪಿಗೆ 60 ಗ್ರಾಂ ವ್ಯತ್ಯಾಸ. ಒಬ್ಬರ ಕೇಕ್ ಮೆತ್ತಗೆ, ಇನ್ನೊಬ್ಬರದು ಗಟ್ಟಿ. ಇಬ್ಬರೂ ಬರೆದದ್ದನ್ನೇ ಮಾಡಿದ್ದಾರೆ, ಅಲ್ವಾ? ತಪ್ಪು ಅವರದಲ್ಲ.

ಸೋಡಾ ಅಂದರೆ ಅಡುಗೆ ಸೋಡಾನಾ, ಬೇಕಿಂಗ್ ಪೌಡರಾ? ಸೋಡಾದ ಶಕ್ತಿ ಪೌಡರಿಗಿಂತ ಮೂರು ನಾಲ್ಕು ಪಟ್ಟು ಜಾಸ್ತಿ. ಅದಕ್ಕೆ ಮೊಸರು, ನಿಂಬೆರಸದಂಥ ಹುಳಿ ಜೊತೆಗಿರಬೇಕು. ಹುಳಿಯೇ ಇಲ್ಲದ ಹಾಲಿಗೆ ಸೋಡಾ ಹಾಕಿದರೆ ಸರಿಯಾಗಿ ಉಬ್ಬುವುದಿಲ್ಲ, ಬಾಯಲ್ಲಿ ಸಾಬೂನಿನ ರುಚಿ ಉಳಿಯುತ್ತದೆ. "ಸ್ವಲ್ಪ" ಎಂಬ ಪದ ಇಲ್ಲಿ ಯಾರಿಗೂ ಉಪಯೋಗವಿಲ್ಲ.

"ಬೇಯಿಸಿ" ಅಂದರೆ ಎಷ್ಟು ಬಿಸಿ, ಎಷ್ಟು ಹೊತ್ತು, ಯಾವ ಪಾತ್ರೆ? ಓವನ್ ಆದರೆ ಫ್ಯಾನ್ ಇದೆಯೋ ಇಲ್ಲವೋ ಬರೆಯಬೇಕು. ಫ್ಯಾನ್ ಇದ್ದರೆ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್ ಕಡಿಮೆ ಇಡುತ್ತಾರೆ. ಡಿಗ್ರಿ ಅಂತ ಬರೆದು ಸುಮ್ನಾಗಬೇಡಿ. 350 ಡಿಗ್ರಿ ಫ್ಯಾರನ್‌ಹೀಟ್ ಅಂದರೆ ಸುಮಾರು 177 ಸೆಲ್ಸಿಯಸ್. ಎರಡನ್ನೂ ಒಂದೇ ಅಂದುಕೊಂಡವರ ಕೇಕ್ ಇದ್ದಿಲಾಗುತ್ತದೆ. ಮತ್ತೆ, ನಿಮಿಷದ ಜೊತೆಗೆ ಗುರುತನ್ನೂ ಹೇಳಿ. "30 ನಿಮಿಷ" ಅಂದರೆ ಅರ್ಧ ಮಾತು. "30 ನಿಮಿಷ, ಅಥವಾ ನಡುವೆ ಚುಚ್ಚಿದ ಕಡ್ಡಿಗೆ ಹಸಿ ಹಿಟ್ಟು ಅಂಟದೆ ಬರುವವರೆಗೆ" ಅಂದರೆ ಪೂರ್ತಿ ಮಾತು. ಉರಿ ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಥರ. ಕಡ್ಡಿಗೆ ಅಂಟುವ ಹಿಟ್ಟು ಎಲ್ಲರಿಗೂ ಒಂದೇ.

ಹಾಗಾಗಿ ಮೊದಲ ಕೆಲಸ ಇದು. ಗುಂಪಿನಲ್ಲಿ ಜನ ಮತ್ತೆ ಮತ್ತೆ ಕೇಳುವ ಇಪ್ಪತ್ತು ರೆಸಿಪಿ ಆರಿಸಿ. ನೂರಾರನ್ನೂ ಒಟ್ಟಿಗೆ ತಿದ್ದಲು ಹೋದರೆ ಹತ್ತನೆಯದಕ್ಕೆ ಸುಸ್ತಾಗುತ್ತೀರಿ. ಸಾಮಗ್ರಿಯನ್ನು ಬಳಸುವ ಕ್ರಮದಲ್ಲೇ ಬರೆಯಿರಿ, ಗಟ್ಟಿ ಪದಾರ್ಥ ಗ್ರಾಂನಲ್ಲಿ, ದ್ರವ ಮಿಲಿಲೀಟರಿನಲ್ಲಿ. ಎಷ್ಟು ಜನಕ್ಕೆ, ಯಾವ ಗಾತ್ರದ ಪಾತ್ರೆ ಅನ್ನುವುದು ಮೇಲೇ ಇರಲಿ. ಮೂರನೇ ಹಂತದಲ್ಲಿ ಬೇಕಾಗುವ ನೆನೆಸಿದ ಕಾಳಿನ ಸುದ್ದಿಯನ್ನು ಮೂರನೇ ಹಂತದಲ್ಲೇ ಹೇಳುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಹಿಂದಿನ ರಾತ್ರಿಯ ಕೆಲಸ ಮೊದಲ ಸಾಲಿನಲ್ಲೇ ಇರಬೇಕು.

ಆಮೇಲೆ, ಆ ಅಡುಗೆ ಯಾವತ್ತೂ ಮಾಡದ ಒಬ್ಬರಿಗೆ ಬರಹವನ್ನು ಮಾತ್ರ ಕೊಡಿ. ಅವರು ಮಾಡಲಿ. ಫೋನ್ ಮಾಡಿ ಕೇಳಿದರೆ ಉತ್ತರ ಹೇಳಬೇಡಿ, ಆ ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಿ. ಅವರು ತಡವರಿಸಿದ ಕಡೆಯೇ ನಿಮ್ಮ ಬರಹದಲ್ಲಿ ಏನೋ ಬಿಟ್ಟುಹೋಗಿದೆ. ತಿದ್ದಿ, "ಮಾಡಿ ನೋಡಿದ್ದು" ಅಂತ ಗುರುತು ಹಾಕಿ. ಆ ಗುರುತಿಲ್ಲದ್ದನ್ನು ಬೇರೆ ಇಡಿ. ನನ್ನ ಪ್ರಕಾರ ಒಂದು ಸಂಗ್ರಹಕ್ಕೆ ಬೇಕಾದ ಅತಿ ಮುಖ್ಯ ವಿಂಗಡಣೆ ಇದೊಂದೇ.

ಉಳಿದ ಜೋಡಣೆ ಸುಲಭ. ಒಂದು ಅಡುಗೆಗೆ ಒಂದೇ ಬರಹ. ಅದಕ್ಕಿರುವ ಬೇರೆ ಹೆಸರುಗಳನ್ನೂ ಅದರೊಳಗೇ ಬರೆದಿಡಿ, ಹುಡುಕಿದಾಗ ಸಿಗುತ್ತದೆ. ಯಾರೋ ಬೆಲ್ಲ ಹಾಕಿ ಮಾಡಿದರೆ ಅದಕ್ಕೆ ಹೊಸ ರೆಸಿಪಿ ಬೇಡ, ಮೂಲದ ಕೆಳಗೆ ಬದಲಾವಣೆ ಅಂತ ಸೇರಿಸಿ, ಹೆಸರು ಮತ್ತು ದಿನಾಂಕದ ಜೊತೆ. ಮೂಲವನ್ನು ಅಳಿಸಬೇಡಿ. ವಿಭಾಗಗಳು ನಾಲ್ಕೈದು ಸಾಕು: ಮುಖ್ಯ ಸಾಮಗ್ರಿ, ಯಾವ ಹೊತ್ತಿನ ಊಟ, ಎಷ್ಟು ಸಮಯ, ಅಲರ್ಜಿಯ ಪದಾರ್ಥ. ಈ ಕೊನೆಯದನ್ನು ಬಿಟ್ಟರೆ ನಾನು ಒಪ್ಪುವುದಿಲ್ಲ. ಕಡಲೆಕಾಯಿ, ಎಳ್ಳು, ಹಾಲು, ಮೊಟ್ಟೆ, ಗೋಧಿ, ಸೋಯಾ, ಮೀನು ಇದ್ದರೆ ಮೇಲೆಯೇ ಕಾಣಬೇಕು. ಅಲಂಕಾರಕ್ಕೆ ಉದುರಿಸಿದ ಎಳ್ಳೂ ಎಳ್ಳೇ.

ಪ್ರಶ್ನೆ: ಇದಕ್ಕೆ ಯಾವ ಆಪ್ ಒಳ್ಳೆಯದು?

ಉತ್ತರ: ಬರಹವನ್ನು ಹುಡುಕಲು ಬರುವ, ಎಲ್ಲವನ್ನೂ ಸಾದಾ ಪಠ್ಯವಾಗಿ ಹೊರಗೆ ತೆಗೆದಿಡಲು ಬಿಡುವ ಯಾವುದಾದರೂ ಸರಿ.

ಪ್ರಶ್ನೆ: ಕೈಬರಹದ ಹಾಳೆಯ ಫೋಟೊ ಹಾಕಿದರೆ ಸಾಲದೇ?

ಉತ್ತರ: ಸಾಲದು. ನೆನಪಿಗೆ ಫೋಟೊ ಇರಲಿ, ಅಡುಗೆಗೆ ಟೈಪ್ ಮಾಡಿ.

ಪ್ರಶ್ನೆ: 20 ಸೆಂಟಿಮೀಟರ್ ಪಾತ್ರೆಯ ಕೇಕನ್ನು 25 ಸೆಂಟಿಮೀಟರ್ ಪಾತ್ರೆಯಲ್ಲಿ ಮಾಡಲು ಎಲ್ಲವನ್ನೂ ಕಾಲು ಭಾಗ ಹೆಚ್ಚಿಸಿದೆ. ತೆಳ್ಳಗಾಯಿತು. ಯಾಕೆ?

ಉತ್ತರ: ದುಂಡು ಪಾತ್ರೆಯಲ್ಲಿ ಲೆಕ್ಕಕ್ಕೆ ಬರುವುದು ಅಗಲವಲ್ಲ, ತಳದ ವಿಸ್ತೀರ್ಣ. ಅದು ಇಲ್ಲಿ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿಯಾಗುತ್ತದೆ. ಸಾಮಗ್ರಿಯನ್ನು ಅಷ್ಟಕ್ಕೆ ಏರಿಸಿ, ಸಮಯವನ್ನು ಆ ಲೆಕ್ಕದಲ್ಲಿ ಏರಿಸಬೇಡಿ. ಕಡ್ಡಿ ಚುಚ್ಚಿ ನೋಡಿ.

ಪ್ರಶ್ನೆ: ಬೇರೆಯವರ ಪುಸ್ತಕದ ರೆಸಿಪಿ ಹಂಚಿದರೆ ಕಾನೂನಿನ ತೊಂದರೆ ಇದೆಯೇ?

ಉತ್ತರ: ಬೌದ್ಧಿಕ ಆಸ್ತಿಯ ಹಕ್ಕುಗಳ ಬಗ್ಗೆ ಇರುವ ಅಂತರರಾಷ್ಟ್ರೀಯ ಟ್ರಿಪ್ಸ್ ಒಪ್ಪಂದದ 9ನೇ ವಿಧಿ ಸ್ಪಷ್ಟವಾಗಿದೆ. ಕೃತಿಸ್ವಾಮ್ಯ ಇರುವುದು ಹೇಳಿದ ರೀತಿಗೆ. ವಿಧಾನಕ್ಕಾಗಲಿ, ಆಲೋಚನೆಗಾಗಲಿ ಇಲ್ಲ. ಬರೀ ಸಾಮಗ್ರಿಯ ಪಟ್ಟಿಗೆ ಸಾಮಾನ್ಯವಾಗಿ ರಕ್ಷಣೆ ಸಿಗುವುದಿಲ್ಲ. ಲೇಖಕರ ವಾಕ್ಯಗಳಿಗೂ ಫೋಟೊಗೂ ಸಿಗುತ್ತದೆ. ಪುಟವನ್ನು ಹಾಗೇ ನಕಲು ಮಾಡಬೇಡಿ. ನೀವು ಮಾಡಿ ನೋಡಿ, ನಿಮ್ಮ ಮಾತಿನಲ್ಲಿ ಬರೆದು, ಎಲ್ಲಿಂದ ಬಂತು ಅಂತ ಹೇಳಿ. ಗುಂಪಿನ ಸದಸ್ಯರ ರೆಸಿಪಿಗೂ ಇದೇ ಮರ್ಯಾದೆ ಸಲ್ಲಬೇಕು.

ಪ್ರಶ್ನೆ: ಒಬ್ಬ ಸದಸ್ಯರ ರೆಸಿಪಿ ಅಪಾಯಕಾರಿ ಅನಿಸಿ ತೆಗೆದೆ. "ನಾವು ವರ್ಷಗಳಿಂದ ತಿಂದಿದ್ದೇವೆ, ಏನೂ ಆಗಿಲ್ಲ" ಅಂತ ಜಗಳವಾಯಿತು. ನಾನು ಮಾಡಿದ್ದು ಸರಿಯೇ?

ಉತ್ತರ: ಸರಿ. ವಾಪಸ್ ಹಾಕಬೇಡಿ. ಏನೂ ಆಗದವರು ಮಾತ್ರ ಹೀಗೆ ಹೇಳಲು ಉಳಿದಿರುತ್ತಾರೆ.

ಎರಡು ವಿಷಯದಲ್ಲಿ ನನಗೆ ರಾಜಿ ಇಲ್ಲ. ಮೊದಲನೆಯದು ರಾಜ್ಮಾ. ಹಸಿ ಕಾಳಿನಲ್ಲಿ ಲೆಕ್ಟಿನ್ ಎಂಬ ವಿಷವಿರುತ್ತದೆ, ನಾಲ್ಕೈದು ಕಾಳು ತಿಂದರೂ ವಾಂತಿ ಶುರುವಾಗಬಹುದು. ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಜೋರಾಗಿ ಕುದಿಸಬೇಕು. ನಾನು 30 ನಿಮಿಷ ಅನ್ನುತ್ತೇನೆ. ಹಸಿ ಕಾಳನ್ನು ನೇರವಾಗಿ ಸ್ಲೋ ಕುಕ್ಕರಿಗೆ ಹಾಕುವ ರೆಸಿಪಿ ಕಂಡರೆ ಅಳಿಸಿ. ಕಡಿಮೆ ಬಿಸಿಯಲ್ಲಿ ವಿಷ ಹೋಗುವುದಿಲ್ಲ, ಇನ್ನೂ ಏರಬಹುದು.

ಎರಡನೆಯದು ಎಣ್ಣೆಯಲ್ಲಿ ಮುಳುಗಿಸಿಟ್ಟ ಹಸಿ ಬೆಳ್ಳುಳ್ಳಿ. ಬೊಟುಲಿಸಂ ಎಂಬ, ಪ್ರಾಣಕ್ಕೇ ಕುತ್ತು ತರಬಲ್ಲ ಕಾಯಿಲೆ ತರುವ ಬ್ಯಾಕ್ಟೀರಿಯಾಕ್ಕೆ ಗಾಳಿಯಿಲ್ಲದ, ಹುಳಿ ಕಡಿಮೆ ಇರುವ ಜಾಗವೇ ಬೇಕು. ಎಣ್ಣೆಯ ತಳ ಅಂಥದ್ದೇ. ಕೆಟ್ಟ ವಾಸನೆ ಬರಬೇಕೆಂದೇನಿಲ್ಲ. ಅದರ ಬೀಜಕಣಗಳು 100 ಡಿಗ್ರಿಯ ಕುದಿಯನ್ನೂ ತಾಳಿಕೊಳ್ಳುತ್ತವೆ. ಫ್ರಿಜ್ಜಿನಲ್ಲಿಟ್ಟು ನಾಲ್ಕು ದಿನದೊಳಗೆ ಮುಗಿಸಿ, ಇಲ್ಲವೇ ಮಾಡಲೇಬೇಡಿ. ಕಪಾಟಿನಲ್ಲಿ ತಿಂಗಳುಗಟ್ಟಲೆ ಇಡಬಹುದು ಅನ್ನುವವರ ಮಾತಿಗೆ ಬೆಲೆ ಕೊಡಬೇಡಿ.

ಪ್ರಶ್ನೆ: ಸಕ್ಕರೆ ಕಾಯಿಲೆ ಪೂರ್ತಿ ವಾಸಿಮಾಡುವ ಪಾನೀಯ ಅಂತ ಒಬ್ಬರು ಹಾಕಿದ್ದಾರೆ. ಯಾವ ವಿಭಾಗಕ್ಕೆ ಸೇರಿಸಲಿ?

ಉತ್ತರ: ಯಾವುದಕ್ಕೂ ಬೇಡ. ಇದನ್ನು ನಂಬಿ ಯಾರಾದರೂ ಇನ್ಸುಲಿನ್ ನಿಲ್ಲಿಸಿದರೆ ಪ್ರಾಣ ಹೋಗಬಹುದು. ಹಾಕಿದವರಿಗೆ ಇದನ್ನು ಹೀಗೇ ಹೇಳಿ.

ಪ್ರಶ್ನೆ: ನಮ್ಮ ಅಜ್ಜಿ ಎಲ್ಲವನ್ನೂ ಕೈ ಅಂದಾಜಿನಲ್ಲಿ ಹಾಕುತ್ತಾರೆ. ಅಳತೆ ಕೇಳಿದರೆ "ನೋಡ್ಕೊಂಡು ಹಾಕು" ಅನ್ನುತ್ತಾರೆ. ಬರೆದುಕೊಳ್ಳುವುದು ಹೇಗೆ?

ಉತ್ತರ: ಕೇಳಬೇಡಿ, ತೂಗಿ. ಅವರು ಶುರುಮಾಡುವ ಮೊದಲು ಪ್ರತಿ ಡಬ್ಬಿಯನ್ನೂ ತಕ್ಕಡಿಯ ಮೇಲಿಟ್ಟು ತೂಕ ಬರೆದುಕೊಳ್ಳಿ. ಅವರ ಪಾಡಿಗೆ ಅವರು ಅಡುಗೆ ಮಾಡಲಿ, ನಡುವೆ ಕೈ ಹಿಡಿಯಬೇಡಿ. ಮುಗಿದ ಮೇಲೆ ಮತ್ತೆ ತೂಗಿ. ಹಿಟ್ಟಿನ ಡಬ್ಬಿ 1,840 ಗ್ರಾಂ ಇದ್ದದ್ದು 1,590 ಆಗಿದ್ದರೆ ಅವರ "ಎರಡು ಬೊಗಸೆ" 250 ಗ್ರಾಂ. ಬೇರೆ ಬೇರೆ ದಿನ ಮೂರು ಸಲ ಹೀಗೆ ಮಾಡಿದರೆ ಯಾವುದು ಬದಲಾಗುತ್ತದೆ, ಯಾವುದು ಬದಲಾಗುವುದಿಲ್ಲ ಅಂತ ಗೊತ್ತಾಗುತ್ತದೆ. ಉಪ್ಪು, ಸೋಡಾದಂಥ ಚಿಟಿಕೆ ಪದಾರ್ಥಗಳನ್ನು ಮನೆಯ ತಕ್ಕಡಿ ಸರಿಯಾಗಿ ತೋರಿಸುವುದಿಲ್ಲ. ಅವನ್ನು ಮಾತ್ರ ಮೊದಲೇ ಅಳತೆಯ ಚಮಚದಿಂದ ಅಳೆದು ಚಿಕ್ಕ ಬಟ್ಟಲಿನಲ್ಲಿ ಅವರ ಮುಂದಿಡಿ, ಉಳಿದದ್ದನ್ನು ಆಮೇಲೆ ಅದೇ ಚಮಚದಿಂದ ಅಳೆಯಿರಿ.